ವನಮಾಲಾಬಾಯಿಯ ಕೈಚೀಲ

ನಾನು ಒಂದು ಕೈಚೀಲ. ಧಾರವಾಡದ ಓಣಿಯೊಂದರಲ್ಲಿ ಮೌಲಾಸಾಬ ಎಂಬ ದರ್ಜಿ ಅಂಗಡಿಯ ಮುಂದಿನ ಬಿಸಿಲಿಗೆ ಪರದೆ ಹೊಲಿಯುತ್ತಿದ್ದ. ಪರದೆ ಮುಗಿದ ಮೇಲೆ ಮೊಳದಷ್ಟು ದಪ್ಪ ಬಟ್ಟೆ ಉಳಿಯಿತು. ಎಸೆಯಲು ಅವನಿಗೆ ಮನಸ್ಸಾಗಲಿಲ್ಲ. ಎರಡು ಬದಿ ಹೊಲಿದು, ಹಿಡಿಕೆ ಇಟ್ಟು, ಬಾಗಿಲ ಮೊಳೆಗೆ ತೂಗುಹಾಕಿದ. ಹಾಗೆ ನಾನು ಹುಟ್ಟಿದೆ.

ನನ್ನನ್ನು ಕೊಂಡವರು ವನಮಾಲಾ ಹೂಗಾರ. ಕೊಳ್ಳುವ ಮುಂಚೆ ನನ್ನನ್ನು ಒಳಹೊರಗು ಮಾಡಿ, ಹೊಲಿಗೆಯನ್ನು ಉಗುರಿನಿಂದ ಕೆದಕಿ, ಬಣ್ಣ ಬಿಡುತ್ತದೆಯೋ ಎಂದು ಒದ್ದೆ ಬೆರಳಿನಿಂದ ಉಜ್ಜಿ ನೋಡಿದರು. ಮೂವತ್ತೊಂದು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತವರು ಅವರು. ಬರಿಗಣ್ಣಿಗೆ ಚೆನ್ನಾಗಿ ಕಂಡದ್ದನ್ನು ಅವರು ಎಂದೂ ನಂಬಿದವರಲ್ಲ.

ಆ ವರ್ಷ ಅವರ ಯಜಮಾನರಾದ ಗುರುಪಾದಪ್ಪನವರಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಅವರು ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದರು. ತಿನ್ನುವುದೇ ಎರಡು ತುತ್ತಾದರೆ ಅದರಲ್ಲಿ ವಿಷವಿರಬಾರದು ಎಂದು ವನಮಾಲಾಬಾಯಿ ಹಟ ಹಿಡಿದರು. ಸಾವಯವ ಸಾಮಾನು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ನನ್ನನ್ನು ಹಿಡಿದು ಊರೆಲ್ಲ ತಿರುಗಿದರು.

ಮೊದಲು ಹೋದದ್ದು ಹಸಿರು ಬೋರ್ಡಿನ ತಂಪು ಅಂಗಡಿಗೆ. ಗಾಜಿನ ಭರಣಿಗಳಲ್ಲಿ ಬೇಳೆ, ಪ್ರತಿ ಭರಣಿಗೂ ನಗುವ ರೈತನ ಚಿತ್ರ. ಬಾಯಿಯವರು ಏನನ್ನೂ ಕೊಳ್ಳದೆ ಅಂಗಡಿಯ ಹಿಂದಿನ ಸಂದಿಗೆ ಹೋದರು. ಅಲ್ಲಿ ಖಾಲಿ ಚೀಲಗಳ ರಾಶಿ ಬಿದ್ದಿತ್ತು. ಎಲ್ಲದರ ಮೇಲೂ ಸಗಟು ಮಾರುಕಟ್ಟೆಯ ದಲಾಲಿ ಅಂಗಡಿಯ ಮುದ್ರೆ. ಅವರು ತುಟಿ ಬಿಗಿದು ಹೊರಟರು. ನಾನು ಬರಿದಾಗಿಯೇ ಮನೆಗೆ ಮರಳಿದೆ. ಆಮೇಲೆ ಭಾನುವಾರಕ್ಕೊಮ್ಮೆ ವ್ಯಾನಿನಲ್ಲಿ ಬೆಲ್ಲ ತರುವವನನ್ನು ಯಾವ ಊರಿನ ಗಾಣ ಎಂದು ಕೇಳಿದರು. ಅವನು ಒಂದು ಊರಿನ ಹೆಸರು ಹೇಳಿದ. ಅದು ಬಾಯಿಯವರ ತವರಿನ ಪಕ್ಕದ ಊರು. ಅಲ್ಲಿ ಒಂದು ಜಲ್ಲೆ ಕಬ್ಬೂ ಬೆಳೆಯುವುದಿಲ್ಲ.

ಕೊನೆಗೆ ಸಿಕ್ಕವಳು ಫಕೀರವ್ವ. ಪ್ರತಿ ಶುಕ್ರವಾರ ಕರೆಮಟ್ಟಿ ಎಂಬ ಹಳ್ಳಿಯಿಂದ ಬಸ್ಸಿಗೆ ಬಂದು ಅಂಚೆ ಕಚೇರಿಯ ಗೋಡೆಗೆ ಒರಗಿ ಕೂರುತ್ತಿದ್ದಳು. ಡೊಂಕು ಬದನೆ, ತೂತು ಬಿದ್ದ ಮೆಂತೆ ಸೊಪ್ಪು, ಸಣ್ಣ ಅವರೆ. ಬಾಯಿಯವರು ಒಂದು ಬದನೆಯನ್ನು ಅಲ್ಲೇ ಸೀಳಿದರು. ಒಳಗಿಂದ ಹುಳ ತಲೆ ಎತ್ತಿತು. ಅವರ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡೆ. ಇದು ಸಾವಯವವೇ ಇರಬೇಕು ಎಂದರು. ಫಕೀರವ್ವ ಸುಮ್ಮನೆ ತೂಗಿ ಕೊಟ್ಟಳು.

ಅಂದು ನನ್ನ ಹೊಟ್ಟೆ ತುಂಬಿತು. ಗುರುಪಾದಪ್ಪನವರು ಆ ಮೆಂತೆಪಲ್ಯಕ್ಕೆ ಇನ್ನೊಂದು ರೊಟ್ಟಿ ಕೇಳಿದರು. ಬೆಳಗಿನ ವಾಕಿಂಗಿನ ಹೆಂಗಸರಿಗೆ ಬಾಯಿಯವರೇ ಸುದ್ದಿ ಮುಟ್ಟಿಸಿದರು. ತಿಂಗಳೊಳಗೆ ಫಕೀರವ್ವನ ಬುಟ್ಟಿ ಹತ್ತು ಗಂಟೆಗೇ ಬರಿದಾಗತೊಡಗಿತು.

ಅಲ್ಲಿಂದಲೇ ಅನುಮಾನ ಶುರುವಾಯಿತು. ಇಷ್ಟು ಮಾರಾಟವಿದ್ದೂ ಈಕೆ ಹುಳಕ್ಕೆ ಬಿಟ್ಟುಕೊಡುತ್ತಾಳೆಯೇ? ಒಂದು ಮಂಗಳವಾರ ಯಾರಿಗೂ ಹೇಳದೆ ಬಾಯಿಯವರು ಕರೆಮಟ್ಟಿಯ ಬಸ್ಸು ಹತ್ತಿದರು. ಫಕೀರವ್ವನ ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲ ಕೊಟ್ಟಿಗೆಗೆ ಇಣುಕಿದರು. ಮೂಲೆಯಲ್ಲಿ ಕೆಂಪು ತ್ರಿಕೋನದ ಗುರುತಿನ ಕ್ರಿಮಿನಾಶಕದ ಡಬ್ಬಿ. ಪಕ್ಕದಲ್ಲಿ ಹೊಡೆಯುವ ಪಂಪು, ಇನ್ನೂ ಒದ್ದೆ. ಆ ಘಾಟು ನನ್ನ ನೂಲಿಗೂ ಹತ್ತಿತು. ಬಾಯಿಯವರ ಕೈ ನನ್ನ ಹಿಡಿಕೆಯನ್ನು ಹಿಂಡಿತು. ಗಂಡನ ತಟ್ಟೆಗೆ ತಾವೇ ಬಡಿಸಿದ್ದು ಕಣ್ಣಿಗೆ ಕಟ್ಟಿರಬೇಕು. ಯಾರನ್ನೂ ಕಾಯದೆ, ಏನನ್ನೂ ಕೇಳದೆ ಊರಿಗೆ ಮರಳುವ ಬಸ್ಸು ಹತ್ತಿದರು. ದಾರಿಯಲ್ಲೇ ವಾಕಿಂಗ್ ಗುಂಪಿಗೆ ಮೊಬೈಲಿನಲ್ಲಿ ಬರೆದರು: ಫಕೀರವ್ವ ಮೋಸಗಾರ್ತಿ, ಕಣ್ಣಾರೆ ಕಂಡೆ.

ಮುಂದಿನ ಶುಕ್ರವಾರ ಅಂಚೆ ಕಚೇರಿಯ ಗೋಡೆಯ ಬಳಿ ಯಾರೂ ನಿಲ್ಲಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬಾಯಿಯವರು ಎದುರಿನ ಬದಿಯಿಂದ ಹಾದುಹೋಗುವಾಗ ಸೊಪ್ಪು ಬಾಡುತ್ತಿರುವುದನ್ನು ನಾನು ಕಂಡೆ. ಅದೇ ದಿನ ಇನ್ನೊಂದನ್ನೂ ಕಂಡೆ. ವಾಕಿಂಗಿನ ಹೆಂಗಸರು ನಾಲ್ವರು ಹಸಿರು ಬೋರ್ಡಿನ ಅಂಗಡಿಯಿಂದ ಪೊಟ್ಟಣ ಹೊತ್ತು ಬರುತ್ತಿದ್ದರು. ಬಾಯಿಯವರು ನಿಂತಲ್ಲೇ ನಿಂತರು. ಆ ಸಂದಿಯ ಚೀಲಗಳ ವಿಷಯ ಅವರು ಯಾರಿಗೂ ಬರೆದಿರಲಿಲ್ಲ.

ಮೂರನೆಯ ಶುಕ್ರವಾರ ಮಧ್ಯಾಹ್ನ ಫಕೀರವ್ವ ತುಂಬಿದ ಬುಟ್ಟಿಯೊಂದಿಗೆ ಮನೆ ಬಾಗಿಲಿಗೇ ಬಂದಳು. ಯಾರೋ ಅವಳಿಗೆ ಕಾರಣ ಹೇಳಿದ್ದರು. ಒಳಗೆ ಕರೆದರೂ ಬರಲಿಲ್ಲ.

"ಸಾವಯವ ಅಂತ ನಾ ಯಾವತ್ತರ ಅಂದೇನೇನ್ರಿ ಅಕ್ಕಾರ? ನೀವ ಅಂದ್ರಿ, ನೀವ ನಂಬಿದ್ರಿ. ಈಗ ನೀವ ಮೋಸಗಾರ್ತಿ ಅಂತೀರಿ."

ಬಾಯಿಯವರು ಡಬ್ಬಿಯ ಮಾತೆತ್ತಿದರು. ಅವಳು ಮುಚ್ಚಿಡಲಿಲ್ಲ. ಹಳ್ಳದಾಚೆ ಒಂದು ಎಕರೆ ಮೆಣಸಿನಕಾಯಿ ಇದೆ, ಅದಕ್ಕೆ ಹೊಡೆಯುತ್ತೇವೆ, ಅದು ಲಾರಿಗೆ ಹೋಗುತ್ತದೆ ಎಂದಳು. ಪೇಟೆಗೆ ತರುವುದು ಮನೆಯ ಹಿತ್ತಲಲ್ಲಿ ಬೆಳೆದದ್ದು; ಅದನ್ನೇ ತನ್ನ ಮಕ್ಕಳೂ ತಿನ್ನುವುದು.

"ಇಣುಕಿ ನೋಡಿದ್ರಂತ. ನೋಡಿ ಹ್ವಾದ್ರಿ. ಒಂದ ಮಾತು ಕೇಳಿ ಹೋಗಬೇಕಿತ್ರಿ."

ಬಾಯಿಯವರು ಮೊಳೆಯ ಮೇಲಿದ್ದ ನನ್ನನ್ನು ತೆಗೆದುಕೊಂಡು, ಅವಳ ಜೊತೆ ಕರೆಮಟ್ಟಿಯ ಬಸ್ಸಿಗೆ ಹೊರಟರು. ನಂಬಿ ಹೊರಟರೆಂದಲ್ಲ, ಪರೀಕ್ಷೆ ಮಾಡದೆ ಕ್ಷಮೆ ಕೇಳುವುದೂ ಅವರಿಗೆ ಬರುತ್ತಿರಲಿಲ್ಲ. ಹಿತ್ತಲಿನ ಒಂದೊಂದು ಎಲೆಯನ್ನೂ ಮಗುಚಿ ನೋಡಿದರು. ಸಸ್ಯಹೇನು, ಜೇಡ, ಹುಳದ ಮೊಟ್ಟೆ ಎಲ್ಲ ಇದ್ದವು. ಹಳ್ಳ ದಾಟಿ ಮೆಣಸಿನ ಹೊಲದ ತನಕ ಹೆಜ್ಜೆ ಎಣಿಸಿದರು. ಆಮೇಲೆ ಬದುವಿನ ಮೇಲೆ ಕೂತು, ತಪ್ಪಾಯಿತು ಎಂದರು. ಮೆಲ್ಲಗೆ ಎಂದರು. ಫಕೀರವ್ವ ಕೇಳಿಸಿಕೊಂಡಳು, ಸರಿ ಎನ್ನಲಿಲ್ಲ.

ಅಂದೇ ಅವರು ಗುಂಪಿಗೆ ತಮ್ಮ ತಪ್ಪನ್ನೂ ಬರೆದರು, ಹಸಿರು ಅಂಗಡಿಯ ಹಿಂದೆ ಕಂಡದ್ದನ್ನೂ ಬರೆದರು. ಮುಂದಿನ ಶುಕ್ರವಾರ ಅಂಚೆ ಕಚೇರಿಯ ಗೋಡೆಗೆ ಫಕೀರವ್ವನ ಪಕ್ಕದಲ್ಲೇ ಕೂತರು. ಬುಟ್ಟಿಗೆ ಒಂದು ರಟ್ಟು ಒರಗಿಸಿದ್ದರು: "ಬದನೆ, ಮೆಂತೆ, ಅವರೆ — ಔಷಧ ಹೊಡೆದಿಲ್ಲ. ಇವರ ಮೆಣಸಿನ ಹೊಲ ಹಳ್ಳದಾಚೆ ಇದೆ, ಅದಕ್ಕೆ ಈ ವರ್ಷ ಎರಡು ಸಲ ಹೊಡೆದಿದೆ. ಹೋಗಿ ನೋಡಿದವಳು, ವನಮಾಲಾ ಹೂಗಾರ." ಎರಡನೆಯ ಸಾಲು ಯಾಕೆ ಬೇಕಿತ್ತು ಎಂದು ಒಬ್ಬರು ಗೊಣಗಿ ನಡೆದರು. ಇನ್ನೊಬ್ಬರು ಎರಡು ಸಲ ಓದಿ ಮೆಂತೆ ಕೊಂಡರು. ಬುಟ್ಟಿ ಬರಿದಾಗಲು ಅಂದು ಸಂಜೆಯಾಯಿತು.

ಇದಾಗಿ ಆರು ವರ್ಷ. ನನ್ನ ತಳ ಎರಡು ಸಲ ಹರಿಯಿತು. ಭಾರ ಹೊರಲಾರದಂತಾದ ಮೇಲೆ ಬಾಯಿಯವರು ನನ್ನನ್ನು ಫಕೀರವ್ವನಿಗೆ ಕೊಟ್ಟರು. ಈಗ ನಾನು ಕರೆಮಟ್ಟಿಯ ಮನೆಯ ಜಂತಿಗೆ ತೂಗುತ್ತ, ಹುಳ ಹಿಡಿಯದಂತೆ ಬೂದಿ ಬೆರೆಸಿದ ಅವರೆ ಬೀಜವನ್ನು ಕಾಯುತ್ತಿದ್ದೇನೆ. ಇಷ್ಟು ವರ್ಷ ಮೊಣಕಾಲಿನ ಎತ್ತರದಿಂದ ಜನರನ್ನು ಕಂಡೆ. ಅನುಮಾನ ಕೆಟ್ಟದ್ದೆಂದು ನನಗೆ ಅನ್ನಿಸಿಲ್ಲ. ಕೇಳದೆ ಬಸ್ಸು ಹತ್ತಿದ್ದು ಮಾತ್ರ ಕೆಟ್ಟದ್ದು.

ಬಾಯಿಯವರು ಈಗಲೂ ತಿಂಗಳಿಗೊಮ್ಮೆ ಹೇಳದೆ ಕೇಳದೆ ಬರುತ್ತಾರೆ, ಕೊಟ್ಟಿಗೆಗೆ ಇಣುಕುತ್ತಾರೆ. ಹೋದ ತಿಂಗಳು ಮೊಣಕಾಲು ನೋವೆಂದು ಕಟ್ಟೆಯ ಮೇಲೇ ಕೂತು ಚಹಾ ಕುಡಿದು ಹೊರಡಲು ಎದ್ದರು. ಫಕೀರವ್ವ ದಾರಿಗೆ ಅಡ್ಡ ನಿಂತಳು.

"ಹಿತ್ತಲ ನೋಡದ ಹೊಂಟ್ರೇನ್ರಿ ಅಕ್ಕಾರ? ಹಿಂಗಾದ್ರ ನಿಮ್ಮ ಮ್ಯಾಲ ನನಗ ಅನುಮಾನ ಬರ್ತೈತಿ."

ಬಾಯಿಯವರು ಅವಳ ಹೆಗಲು ಹಿಡಿದುಕೊಂಡು ಕುಂಟುತ್ತ ಹಿತ್ತಲಿಗೆ ನಡೆದರು.