ಲಿಖಿತಾಳ ಹಾಲಿನ ಬಾಟಲಿ

ನಾನು ಒಂದು ಹಾಲಿನ ಬಾಟಲಿ. ಕಾರ್ಖಾನೆಯೊಂದರಲ್ಲಿ ಸಕ್ಕರೆಯಂಥ ಪ್ಲಾಸ್ಟಿಕ್ ಹರಳುಗಳನ್ನು ಕರಗಿಸಿ, ಅಚ್ಚಿಗೆ ಹಾಕಿ, ಗಾಳಿ ಊದಿ ನನ್ನನ್ನು ಮಾಡಿದರು. ಗಾಜಿನಷ್ಟೇ ತಿಳಿಯಾಗಿದ್ದೆ, ಬಿದ್ದರೆ ಮಾತ್ರ ಒಡೆಯುತ್ತಿರಲಿಲ್ಲ. ನನ್ನ ಆಚೆ ಬದಿ ಇರುವುದೆಲ್ಲ ಯಾರಿಗಾದರೂ ಕಾಣುತ್ತಿತ್ತು. ನನ್ನ ಗೋಡೆಯೊಳಗೇ ಏನಿದೆ ಎಂಬುದು ನನಗೂ ತಿಳಿದಿರಲಿಲ್ಲ.

ಮದ್ದೂರಿನ ಒಂದು ಅಂಗಡಿಯಲ್ಲಿ ಜಯಶೀಲ ನನ್ನನ್ನು ಕೊಂಡಳು. ಅವಳು ಗಾರ್ಮೆಂಟ್ಸ್‌ನಲ್ಲಿ ಅಂಗಿಗೆ ಕಾಲರ್ ಹೊಲಿಯುವವಳು. ಮಗಳು ಲಿಖಿತಾಗೆ ಮೂರು ತಿಂಗಳು ತುಂಬುತ್ತಿದ್ದಂತೆ ಕೆಲಸಕ್ಕೆ ಮರಳಬೇಕಾಗಿತ್ತು.

"ಗಾಜಿಂದು ಇಲ್ವಾ ಅಣ್ಣಾ?" ಎಂದು ಕೇಳಿದಳು.

"ಗಾಜು ಕೈಜಾರಿದ್ರೆ ಹೋಯ್ತು. ಈಗ ಎಲ್ರೂ ಇದನ್ನೇ ತಗೊಳ್ಳೋದು ಕಣಮ್ಮ" ಎಂದ ಅಂಗಡಿಯವನು.

ಮನೆಯಲ್ಲಿ ನನ್ನ ಜವಾಬ್ದಾರಿ ಹೊತ್ತವರು ಜಯಶೀಲಳ ಅತ್ತೆ ಚಿಕ್ಕತಾಯಮ್ಮ. ಅವರಷ್ಟು ಶುಚಿಯವರನ್ನು ನಾನು ಮತ್ತೆ ನೋಡಿಲ್ಲ. ಬೆಳಿಗ್ಗೆಯೂ ಸಂಜೆಯೂ ನನ್ನನ್ನು ಪಾತ್ರೆಯಲ್ಲಿ ಮುಳುಗಿಸಿ ಗಳಗಳ ಕುದಿಸುತ್ತಿದ್ದರು. ಬ್ರಶ್ಶು ಹಾಕಿ ಒಳಗೆಲ್ಲ ಉಜ್ಜುತ್ತಿದ್ದರು. ಹಬೆಯಾಡುವ ಹಾಲನ್ನು ನನ್ನೊಳಗೆ ಸುರಿದು, ತಣ್ಣೀರಲ್ಲಿ ಇಟ್ಟು, ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡುತ್ತಿದ್ದರು. ಆಮೇಲೆ ಲಿಖಿತಾ ಎರಡೂ ಕೈಯಲ್ಲಿ ನನ್ನನ್ನು ತಬ್ಬಿಕೊಂಡು, ಕಣ್ಣು ಅರೆಮುಚ್ಚಿ ಕುಡಿಯುತ್ತಿದ್ದಳು. ಅವಳ ರೆಪ್ಪೆಗಳನ್ನು ನನ್ನಷ್ಟು ಹತ್ತಿರದಿಂದ ಕಂಡವರಿಲ್ಲ.

ವರ್ಷ ತುಂಬುವ ಹೊತ್ತಿಗೆ ನನ್ನ ಮೈ ಮಂಜು ಕವಿದಂತಾಯಿತು. ಒಳಗೆಲ್ಲ ಗೀರು. ಲಿಖಿತಾ ಲೋಟ ಹಿಡಿದಳು. ಜಯಶೀಲ ನನ್ನೊಳಗೆ ಅಂಗಿಯ ಗುಂಡಿ ತುಂಬಿಸಿ ಕಿಟಕಿಯಲ್ಲಿಟ್ಟಳು.

ಕಿಟಕಿಯಿಂದಲೇ ಲಿಖಿತಾ ಬೆಳೆಯುವುದನ್ನು ನೋಡಿದೆ. ಅವಳು ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಊಟಕ್ಕೆ ಕೂತರೆ ಎರಡನೇ ತುತ್ತಿಗೆ ಎದ್ದಳು. ಬಟ್ಟೆ ಒಗೆಯುವ ಸದ್ದಿಗೂ ಬೆಚ್ಚಿ ಅತ್ತಳು. ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಂಡಳು. ಐದನೇ ವರ್ಷಕ್ಕೆ ಶಾಲೆಯಿಂದ ದೂರು ಬಂತು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಅಂದಳು: "ಎಳೆಗೂಸು ಬಿಟ್ಟು ಕೆಲ್ಸಕ್ಕೆ ಹೋದ್ರೆ ಇನ್ನೇನಾಯ್ತದೆ?" ಸೂಜಿಗೆ ದಾರ ಪೋಣಿಸುತ್ತಿದ್ದ ಜಯಶೀಲಳಿಗೆ ಸೂಜಿಯ ಕಣ್ಣು ಮೂರು ಸಲ ತಪ್ಪಿತು.

ಅದೇ ವರ್ಷ ಮೈಸೂರಿನ ಪ್ರಯೋಗಾಲಯವೊಂದರಿಂದ ಡಾಕ್ಟರ್ ಮೇದಿನಿ ಎಂಬವರು ಬಂದರು. ಮಕ್ಕಳ ಮಿದುಳಿನ ಬೆಳವಣಿಗೆಗೂ ಪ್ಲಾಸ್ಟಿಕ್ಕಿಗೂ ಏನಾದರೂ ನಂಟಿದೆಯೇ ಎಂದು ಅವರು ನೂರಾರು ಮನೆಗಳಲ್ಲಿ ವಿಚಾರಿಸುತ್ತಿದ್ದರು. "ಕೂಸಾಗಿದ್ದಾಗ ಯಾವುದರಲ್ಲಿ ಹಾಲು ಕುಡಿಸ್ತಿದ್ರಿ?" ಎಂದು ಕೇಳಿದ್ದಕ್ಕೆ ಚಿಕ್ಕತಾಯಮ್ಮ ಗುಂಡಿಗಳನ್ನು ಸೆರಗಿಗೆ ಸುರಿದುಕೊಂಡು ನನ್ನನ್ನು ಕೊಟ್ಟರು.

ಪ್ರಯೋಗಾಲಯದಲ್ಲಿ ನನಗೆ ಒಂದು ಚೀಟಿ ಅಂಟಿಸಿದರು. ಮೊದಲು ತಣ್ಣೀರು ತುಂಬಿ, ಕಾದು, ಅದರಿಂದ ಒಂದು ಹನಿಯನ್ನು ಯಂತ್ರಕ್ಕೆ ಕೊಟ್ಟರು. ಮರುದಿನ ಕುದಿನೀರು. ಪರದೆಯ ಮೇಲೆ ಮೊದಲ ಸಲ ಸಣ್ಣ ದಿಬ್ಬ ಮೂಡಿತ್ತು. ಎರಡನೇ ಸಲ ಗುಡ್ಡವೇ ಎದ್ದಿತು. ನೀರಿನಲ್ಲಿದ್ದ ಆ ರಾಸಾಯನಿಕದ ಹೆಸರು ಬಿಸ್‌ಫೆನಾಲ್ ಎಂದರು. ನನ್ನಿಂದಲೇ ಇಳಿದದ್ದು! ಹಾಲಿನ ಜೊತೆ ನಾನೂ ಅಷ್ಟಿಷ್ಟು ಆ ಮಗುವಿನೊಳಗೆ ಹೋಗಿದ್ದೆ.

ಕೆಲವು ದಿನಗಳಾದ ಮೇಲೆ ಲಿಖಿತಾಳನ್ನು ಪರೀಕ್ಷೆಗೆ ಕರೆತಂದರು. ಅಮ್ಮನೂ ಅಜ್ಜಿಯೂ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೇದಿನಿ ನಿಧಾನವಾಗಿ ಹೇಳಿದರು: "ಹೊಟ್ಟೆಯಲ್ಲಿರೋವಾಗ, ಆಮೇಲೆ ಮೊದಲ ಕೆಲವು ವರ್ಷ, ಮಿದುಳು ಕಟ್ಟಿಕೊಳ್ತಾ ಇರುತ್ತೆ. ಎಲ್ಲಿ ಏನು ಬೆಳೀಬೇಕು ಅಂತ ಹಾರ್ಮೋನುಗಳು ಸುದ್ದಿ ಮುಟ್ಟಿಸ್ತವೆ. ಪ್ಲಾಸ್ಟಿಕ್ಕಿನ ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕಿಕೊಂಡು ಬಂದು ಸುದ್ದಿ ಕೆಡಿಸಬಹುದು. ಪ್ರಯೋಗಗಳಲ್ಲಿ ಇಲಿಮರಿಗಳ ನಡವಳಿಕೆ ಬದಲಾಗಿದ್ದನ್ನ ನೋಡಿದ್ದಾರೆ. ಮಕ್ಕಳಲ್ಲೂ ಕೆಲವು ಅಧ್ಯಯನಗಳಲ್ಲಿ ಚಡಪಡಿಕೆ, ಆತಂಕ ಹೆಚ್ಚು ಕಂಡಿದೆ. ಇನ್ನು ಕೆಲವುಗಳಲ್ಲಿ ಕಂಡಿಲ್ಲ."

"ಹಂಗಾದ್ರೆ ನನ್ ಮಗಳು ಹಿಂಗಿರೋದು ಇದ್ರಿಂದಾನಾ ಮೇಡಂ?"

"ಗೊತ್ತಿಲ್ಲಮ್ಮ. ಸಾವಿರ ಮಕ್ಕಳನ್ನ ಒಟ್ಟಿಗೆ ನೋಡಿದ್ರೆ ಏನೋ ಹೇಳಬಹುದು. ಒಂದು ಮಗುವಿನ ಕಡೆ ಬೆರಳು ತೋರಿಸಿ, ಇದೇ ಕಾರಣ ಅನ್ನೋಕಾಗಲ್ಲ. ನೀವು ಕೆಲಸಕ್ಕೆ ಹೋಗಿದ್ದು ತಪ್ಪು ಅಂತ ಮಾತ್ರ ನನ್ನ ಯಾವ ಲೆಕ್ಕವೂ ಹೇಳಲ್ಲ."

ಚಿಕ್ಕತಾಯಮ್ಮನ ಕಣ್ಣು ತುಂಬಿತು. "ಒಳ್ಳೇದಾಗ್ಲಿ ಅಂತ ಕುದ್ಸಿ ಕುದ್ಸಿ ಕೊಟ್ಟೆ ಕಣ್ ಡಾಕ್ಟ್ರವ್ವ."

"ಕುದಿಸದೇ ಇದ್ದಿದ್ರೆ ಭೇದಿಯಾಗ್ತಿತ್ತು. ನೀವು ಮಾಡಿದ್ದು ಸರೀನೇ ಅಮ್ಮ. ಬಾಟಲಿ ಮಾಡಿದ ವಸ್ತು ಸರಿಯಿರಲಿಲ್ಲ."

ಜಯಶೀಲ ಅತ್ತೆಯ ಕೈ ಹಿಡಿದುಕೊಂಡಳು. ನನಗೆ ಅಳು ಬರುವ ಹಾಗಿದ್ದರೆ ಅಂದು ಅಳುತ್ತಿದ್ದೆ.

ಲಿಖಿತಾಗೆ ಗದರಿಕೆಯ ಬದಲು ತರಬೇತಿ ಸಿಕ್ಕಿತು. ಹತ್ತು ನಿಮಿಷ ಕೆಲಸ, ಐದು ನಿಮಿಷ ಓಟ. ಸದ್ದಾಗುವ ಮುಂಚೆ ಅವಳಿಗೆ ಹೇಳುವುದನ್ನು ಮನೆಯವರು ಕಲಿತರು. ಮುಂದಿನ ವರ್ಷ ಪ್ರಯೋಗಾಲಯಕ್ಕೆ ಬಂದಾಗ ಜಯಶೀಲ ಇನ್ನೊಂದು ಸುದ್ದಿ ತಂದಳು. ಗಾರ್ಮೆಂಟ್ಸ್‌ನಲ್ಲಿ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಯಲ್ಲಿ ಪ್ಲಾಸ್ಟಿಕ್ಕಿಗೇ ಬಿಸಿ ಹಾಲು ಸುರಿದು ಕೊಡುತ್ತಿದ್ದರಂತೆ. ಇವಳೂ ಹದಿನೆಂಟು ತಾಯಂದಿರೂ ಮಧ್ಯಾಹ್ನ ಊಟ ಬಿಟ್ಟು ಮ್ಯಾನೇಜರ್ ಬಾಗಿಲಲ್ಲಿ ಕೂತರಂತೆ. ಮೂರನೇ ದಿನಕ್ಕೆ ಸ್ಟೀಲಿನ ಲೋಟ, ಚಮಚ, ಕೂಸಿನ ಬಾಯಿಗೆ ಹಾಲು ಹನಿಸುವ ಒಳಲೆ ಬಂದವು. ಹಾಲೂಡಿಸಲು ಎರಡು ಸಲ ಬಿಡುವೂ ಸಿಕ್ಕಿತು. "ಕೂಸಿನ್ ಬಾಯಿಗೆ ಹೋಗೋದು ಏನಂತ ತಿಳ್ಕೊಳ್ಳೋ ಹಕ್ಕು ನಮಗಿಲ್ವಾ ಸಾರ್ ಅಂದೆ ಮೇಡಂ" ಎನ್ನುವಾಗ ಅವಳ ಧ್ವನಿ ಗಟ್ಟಿಯಾಗಿತ್ತು.

ಈಗ ನಾನು ಕಪಾಟಿನಲ್ಲಿದ್ದೇನೆ. ನನ್ನ ಹಾಗೆ ಚೀಟಿ ಅಂಟಿಸಿಕೊಂಡವು ಇಲ್ಲಿ ತುಂಬ ಇವೆ. ವಯಸ್ಸಾಯಿತು; ಹಳದಿ ತಿರುಗಿದ್ದೇನೆ. ಕೆಡುಕು ಮಾಡಬೇಕೆಂದು ನಾನು ಹುಟ್ಟಲಿಲ್ಲ. ಆದರೆ 'ನನಗೆ ಗೊತ್ತಿರಲಿಲ್ಲ' ಎಂದರೆ ಸಾಲದು ಎಂದು ಇಲ್ಲಿ ಕಲಿತೆ.

ಮೊನ್ನೆ ಲಿಖಿತಾ ಬಂದಿದ್ದಳು. ಈಗ ಎಂಟು ವರ್ಷ. ಸ್ಟೂಲಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಮೇದಿನಿಯವರನ್ನು ಒಂದೇ ಸಮನೆ ಕೇಳಿದಳು: ಮಿದುಳು ಯಾವ ಬಣ್ಣ? ಇಲಿಗೆ ಸಿಟ್ಟು ಬಂದರೆ ಹೇಗೆ ಗೊತ್ತಾಗುತ್ತೆ? ಮೈಗೆ ಹೋದದ್ದು ಎಷ್ಟು ದಿನ ಇರುತ್ತೆ? ನನಗೆ ಸುಮ್ಮನೆ ಕೂರೋಕೆ ಯಾಕೆ ಆಗಲ್ಲ?

ಕೊನೆಯದಕ್ಕೆ ಮೇದಿನಿ, "ನಂಗೂ ಪೂರ್ತಿ ಗೊತ್ತಿಲ್ಲ ಪುಟ್ಟಿ" ಎಂದರು.

ಅವಳು ಸ್ಟೂಲನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಂಡಳು. "ಸರಿ, ಹುಡುಕೋದು ಹೆಂಗೆ ಅಂತ ತೋರ್ಸಿ."