ಉಣ್ಣೆಯಿಲ್ಲದ ಕೊಟ್ಟಿಗೆ

ಡಾಕ್ಟ್ರಮ್ಮ ಬರುತ್ತಾಳೆಂದರೆ ದನಗಳಿಗೆ ಸಮಾಧಾನ, ದನ ಸಾಕಿದವರಿಗೆ ಎದೆ ಡವಡವ. ಪಶುವೈದ್ಯೆಯಾಗಿ ಅವಳ ಕೈಗುಣ ದೊಡ್ಡದು, ನಾಲಿಗೆ ಅದಕ್ಕಿಂತ ದೊಡ್ಡದು. ಕೊಟ್ಟಿಗೆಗೆ ಕಾಲಿಟ್ಟವಳೇ ಮೊದಲು ಹಸುವಿನ ಕಿವಿ ಮಗುಚಿ, ಬಾಲ ಎತ್ತಿ ನೋಡುವಳು. ರಕ್ತ ಹೀರುವ ಉಣ್ಣೆ ಒಂದೇ ಒಂದು ಸಿಕ್ಕಿತೋ, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬರುವ ಹಾಗೆ ಸಾಕಿದವರ ಜನ್ಮ ಜಾಲಾಡುವಳು.

"ನಿಮ್ಮ ತಲೇಲಿ ಹೀಗೆ ಹೇನು ಸಾಲುಗಟ್ಟಿದ್ರೆ ಸುಮ್ನೆ ಇರ್ತಿದ್ರಾ? ಹೋಗಿ, ಹಾಲಕ್ಕನ ಕೊಟ್ಟಿಗೆ ನೋಡ್ಕೊಂಡು ಬನ್ನಿ!"

ಹಾಲಕ್ಕ ಬೀದಿಯ ಕೊನೆಯ ಮನೆಯವಳು, ಮನೆಮನೆಗೆ ಹಾಲು ಹಾಕುವವಳು. ಅವಳ ಹಸುಗಳ ಮೈಮೇಲೆ ದೀಪ ಹಿಡಿದು ಹುಡುಕಿದರೂ ಒಂದು ಉಣ್ಣೆ ಸಿಗುತ್ತಿರಲಿಲ್ಲ. ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ಡಾಕ್ಟ್ರಮ್ಮ ಇದ್ದಬದ್ದ ಹೊಗಳಿಕೆಯನ್ನೆಲ್ಲ ಇವಳೊಬ್ಬಳಿಗೇ ಸುರಿದಿದ್ದಳು.

ಆ ಹಾಲಕ್ಕ ಜ್ವರದಿಂದ ಆಸ್ಪತ್ರೆ ಸೇರಿದ್ದಾಳೆಂದು ತಿಳಿದದ್ದು ಅಲ್ಲಿಯ ಡಾಕ್ಟರು ಫೋನ್ ಮಾಡಿದಾಗ.

"ಮೇಡಂ, ಜ್ವರ ಇಳೀತಾನೇ ಇಲ್ಲ. ಯಾವ ಟೆಸ್ಟಲ್ಲೂ ಏನೂ ಸಿಗ್ತಿಲ್ಲ, ಕಣ್ಣೆದುರಿಗೇ ಸೋತು ಹೋಗ್ತಿದಾರೆ. ಉಣ್ಣೆಯಿಂದ ಬರೋ ಜ್ವರ ಇರಬಹುದಾ ಅಂತ ನನ್ನ ಅನುಮಾನ. ಅವರನ್ನ ಕೇಳಿದ್ರೆ, ಉಣ್ಣೆನಾ, ನಮ್ಮನೇಲಾ, ಅಂತ ಸಿಟ್ಟು ಮಾಡ್ಕೋತಾರೆ."

"ಆ ಕೊಟ್ಟಿಗೇಲಾ? ಸಾಧ್ಯವೇ ಇಲ್ಲ. ಅದಕ್ಕೆ ನಾನು ಗ್ಯಾರಂಟಿ. ಬೇರೆ ಕಾರಣ ಹುಡುಕಿ."

ಡಾಕ್ಟರು ಪಾಪ, ಬೇರೆ ಕಾರಣ ಹುಡುಕಲು ಹೋದರು.

ಮರುದಿನ ಹಾಲಕ್ಕನ ಮಗಳು ಏದುಸಿರು ಬಿಡುತ್ತ ಬಂದಳು. ಕಂದು ಹಸು ಮೇವು ಬಿಟ್ಟು ಮಲಗಿತ್ತು. ಡಾಕ್ಟ್ರಮ್ಮ ಹೋಗಿ ಮುಟ್ಟಿದರೆ ಮೈ ಕೆಂಡ. ತುಟಿ ಎತ್ತಿ ನೋಡಿದಳು. ವಸಡು ಬಿಳಿಚಿಕೊಂಡು ಹಳದಿಗೆ ತಿರುಗಿತ್ತು. ಇಂಥ ರೋಗವನ್ನು ಹೊತ್ತು ತರುವುದು ಯಾವುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಿವಿ ಮಗುಚಿದಳು. ಒಳಗೆ ಉಣ್ಣೆಗಳು ರಕ್ತ ಕುಡಿದು ಕಡಲೆಕಾಳಿನಷ್ಟು ಊದಿಕೊಂಡು ಸಾಲಾಗಿ ಕಚ್ಚಿಕೊಂಡಿದ್ದವು.

"ಇಷ್ಟು ದಿನ ಇವೆಲ್ಲ ಎಲ್ಲಿದ್ವು?"

ಮಗಳು ತಲೆ ತಗ್ಗಿಸಿದಳು. "ಯಾವಾಗ್ಲೂ ಇದ್ವು ಡಾಕ್ಟ್ರಮ್ಮ. ಅಮ್ಮ ದಿನಾ ಬೆಳಿಗ್ಗೆ ಒಂದೊಂದಾಗಿ ಕಿತ್ತು ಹೆಬ್ಬೆರಳಿನ ಉಗುರಲ್ಲಿ ಕುಕ್ಕಿ ಹಾಕೋಳು. ನೀವು ಬರೋ ದಿನ ಅಂತೂ ಟೀ ಕೂಡ ಕುಡೀದೆ ಕೂತಿರೋಳು. ಅವಳು ಮಲಗಿದ್ಮೇಲೆ ಕೀಳೋರು ಯಾರೂ ಇಲ್ಲ."

"ಬರಿಗೈಯಲ್ಲಾ?"

"ಬರಿಗೈಯಲ್ಲೇ. ಬೆರಳೆಲ್ಲ ಒಡೆದಿರ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗಾ?" ಎಂದಳು ಹುಡುಗಿ. ಅಷ್ಟೇ.

ಹಸುವನ್ನು ಕಾಡುವ ಬ್ಯಾಕ್ಟೀರಿಯಾ ಬೇರೆ, ಮನುಷ್ಯರನ್ನು ಕಾಡುವುದು ಬೇರೆ, ಆದರೆ ಎರಡರ ಸವಾರಿಯೂ ಉಣ್ಣೆಯ ಮೇಲೆಯೇ. ಕಚ್ಚಲೇಬೇಕೆಂದಿಲ್ಲ. ಕುಕ್ಕಿದ ಉಣ್ಣೆಯ ರಸ ಒಡೆದ ಬೆರಳಿಗೆ ತಾಗಿದರೂ ಸಾಕು. ಇಷ್ಟೆಲ್ಲ ಗೊತ್ತಿದ್ದ ಡಾಕ್ಟ್ರಮ್ಮ ನಿನ್ನೆ ಎದೆ ತಟ್ಟಿಕೊಂಡು ಗ್ಯಾರಂಟಿ ಕೊಟ್ಟಿದ್ದಳು. ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಹಚ್ಚಿದಳು.

"ಡಾಕ್ಟ್ರೇ, ನಾನು ಹೇಳಿದ್ದು ತಪ್ಪು. ಉಣ್ಣೆ ಇದೆ, ಬೇಕಾದಷ್ಟಿದೆ. ನಿಮ್ಮ ಅನುಮಾನವೇ ಸರಿ. ರಿಪೋರ್ಟ್‌ಗೆ ಕಾಯಬೇಡಿ, ಈಗ್ಲೇ ಮಾತ್ರೆ ಶುರು ಮಾಡಿ."

ಆಮೇಲೆ ಹಸುವಿಗೆ ಸೂಜಿ ಚುಚ್ಚಿ ಅಲ್ಲೇ ಗೋಡೆಗೊರಗಿ ಕುಳಿತಳು. ಹಾಲಕ್ಕ ಬದುಕಲಿ ಎಂದು ಒಳಗೊಳಗೇ ಬೇಡಿಕೊಂಡಳು.

ಬದುಕಿದಳು. ಜ್ವರ ಇಳಿದ ಸುದ್ದಿ ಬಂದದ್ದೇ ಡಾಕ್ಟ್ರಮ್ಮ ಆಸ್ಪತ್ರೆಗೆ ಓಡಿದಳು. ಅವಳನ್ನು ಕಂಡ ಹಾಲಕ್ಕ ಎರಡೂ ಕೈಗಳನ್ನು ಸರಕ್ಕನೆ ಹೊದಿಕೆಯೊಳಗೆ ಎಳೆದುಕೊಂಡಳು. ಸಾಯುವುದಕ್ಕೆ ಹೆದರದವಳು ತನಗೆ ಹೆದರುತ್ತಿದ್ದಾಳಲ್ಲ ಎಂದು ಡಾಕ್ಟ್ರಮ್ಮನಿಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು.

"ಬೈಯೋಕೆ ಬಂದಿಲ್ಲ ಹಾಲಕ್ಕ. ಊರಿಗೆಲ್ಲ ಬೈದು ಬೈದು ನಿಮ್ಮನ್ನ ಇಲ್ಲಿ ಮಲಗಿಸಿದ್ದು ಸಾಕು."

ಹಾಲಕ್ಕ ಮೆಲ್ಲಗೆ ಕೈಗಳನ್ನು ಹೊದಿಕೆಯಿಂದ ಹೊರಗೆ ತೆಗೆದಳು.

"ಹಾಗಾದ್ರೆ ಇನ್ನೊಂದೂ ಹೇಳಿಬಿಡ್ತೀನಿ. ನನ್ನ ಹತ್ರ ಕಲೀರಿ ಅಂತ ನೀವು ಕಳಿಸಿದೋರಿಗೆಲ್ಲ ನಾನು ಕಲಿಸಿದ್ದು ಈ ಕೀಳೋದನ್ನೇ. ಇನ್ನೇನು ಕಲಿಸಲಿ? ಈಗ ಎಲ್ರೂ ಕೀಳ್ತಾರೆ. ನಮ್ಮ ಪಕ್ಕದ ಮನೆ ಗಿರಣಿಯಣ್ಣ ನನ್ನ ನೋಡೋಕೂ ಬರ್ಲಿಲ್ಲ. ಅವನಿಗೂ ಜ್ವರವಂತೆ."

ಡಾಕ್ಟ್ರಮ್ಮ ನಿಂತ ಕಾಲಲ್ಲೇ ಹೊರಟಳು. ಗಿರಣಿಯವನ ಮನೆ ಮುಂದೆ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಅವನ ಹೆಂಡತಿ ಗಾಬರಿಯಾಗಿ ಬಾಗಿಲಿಗೆ ಅಡ್ಡ ಬಂದಳು.

"ಒಂದು ಚೂರು ನಿಲ್ಲಿ ಡಾಕ್ಟ್ರಮ್ಮ. ಮಲಗಿದ್ರು, ನೀವು ಬಂದಿದ್ದು ಕಂಡು ಎದ್ದು ಕೊಟ್ಟಿಗೆಗೆ ಹೋದ್ರು."

ಅವಳ ಭುಜದಾಚೆ ಕೊಟ್ಟಿಗೆ ಕಾಣುತ್ತಿತ್ತು. ಕಂಬಳಿ ಹೊದ್ದುಕೊಂಡೇ, ಗಡಗಡ ನಡುಗುತ್ತ, ಗಿರಣಿಯಣ್ಣ ಹಸುವಿನ ಕುತ್ತಿಗೆಯಡಿ ಆತುರಾತುರವಾಗಿ ಬೆರಳಾಡಿಸುತ್ತಿದ್ದ.

"ಬಿಡಿ ಅಣ್ಣ, ಕೈ ತೆಗೀರಿ," ಎಂದಳು ಡಾಕ್ಟ್ರಮ್ಮ. ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದ್ದಳು. ಅವನಿಗದು ಕೇಳಿಸಲೂ ಇಲ್ಲ, ಒಂದೇ ಸಮನೆ ಕೀಳುತ್ತಲೇ ಇದ್ದ.