ಅರವತ್ತು ಮೀಟರ್

ಇಪ್ಪತ್ತೈದನೆಯ ಫೋಟೋಗೆ ಅಡಿಬರಹ ಬರೆದು ಮುಗಿಸಿ ಹಂಸ ಮುಂದಿನದನ್ನು ತೆರೆದಳು. ದಾರಿಯುದ್ದಕ್ಕೂ ಐವತ್ತು ಹೆಜ್ಜೆಗೊಂದು ಫೋಟೋ ಅರ್ಜಿಯ ಜೊತೆ ಹೋಗಬೇಕೆಂಬುದು ನಿಯಮ, ಹಾಗಾಗಿ ಇದನ್ನು ಬಿಡುವಂತಿರಲಿಲ್ಲ. ಅವಳ ಅಣ್ಣ ಕೆಂಪರಾಜನ ಕಾಂಪ್ಲೆಕ್ಸ್. ಕೆಳಗಿನ ಬೈಕ್ ಶೋರೂಮಿಗಾಗಿ ಅವನು ಫುಟ್‌ಪಾತನ್ನೇ ನುಂಗಿ ಕಟ್ಟಿಸಿದ ಸಿಮೆಂಟಿನ ರ‍್ಯಾಂಪ್, ಅದರ ಮೇಲೆ ಸಾಲಾಗಿ ಹೊಸ ಬೈಕುಗಳು. ರಸ್ತೆಗಿಳಿದು ಅದನ್ನು ಸುತ್ತಿಕೊಂಡು ಹೋಗುತ್ತಿದ್ದ ಯಾರೋ ಹೆಂಗಸಿನ ಬೆನ್ನು.

"ಅಡಚಣೆ, ಅರವತ್ತು ಮೀಟರ್" ಎಂದಷ್ಟೇ ಬರೆದಳು.

ಇಂದಿರಾನಗರದ ಈ ಚಿಕ್ಕ ಕಚೇರಿಯ ಕೆಲಸವೇ ಅದು, ನಡೆಯುವ ದಾರಿಗೆ, ಸೈಕಲ್ ದಾರಿಗೆ ದುಡ್ಡು ಹುಡುಕುವುದು. ಕೆ.ಆರ್. ಪುರದ ರೈಲು ನಿಲ್ದಾಣದಿಂದ ಮಾರ್ಕೆಟ್ಟಿನವರೆಗಿನ ಎರಡು ಕಿಲೋಮೀಟರಿಗೆ ಒಂದು ಟ್ರಸ್ಟ್ ಮುಕ್ಕಾಲು ಪಾಲು ಕೊಡಲು ಮುಂದೆ ಬಂದಿತ್ತು. ಉಳಿದ ಕಾಲು ಪಾಲು ಅಲ್ಲಿನವರಿಂದಲೇ ಬರಬೇಕು. ಹಂಸ ಮತ್ತು ಅವಳ ಮೇಲಧಿಕಾರಿ ಭವ್ಯ ಎರಡು ತಿಂಗಳು ಅಪಾರ್ಟ್‌ಮೆಂಟ್ ಸಂಘಗಳ ಬಾಗಿಲು ತಟ್ಟಿದರು. ಕಾಫಿ ಕೊಟ್ಟು ಕಳಿಸಿದವರೇ ಹೆಚ್ಚು. ಕೊನೆಗೆ ಅಷ್ಟನ್ನೂ ತಾನೊಬ್ಬನೇ ಕೊಡುತ್ತೇನೆ ಎಂದವನು ಕೆಂಪರಾಜ. ನಿಲ್ದಾಣದ ಎದುರು ತಂದೆಯ ಹೆಸರಿನ ಕಲ್ಲು ನಿಲ್ಲಿಸಬೇಕು ಎಂದ. ಇನ್ನೊಂದು ಷರತ್ತನ್ನು ಬಾಯಲ್ಲಿ ಮಾತ್ರ ಹೇಳಿದ: ತನ್ನ ಕಾಂಪ್ಲೆಕ್ಸಿನ ಮುಂದೆ ದಾರಿ ಬರಬಾರದು, ಅಲ್ಲಿ ಎದುರು ಬದಿಗೆ ದಾಟಿಕೊಳ್ಳಬೇಕು.

"ಅರವತ್ತು ಮೀಟರ್ ತಾನೇ ಹಂಸಾ," ಎಂದಿದ್ದಳು ಭವ್ಯ. "ಅದಕ್ಕೋಸ್ಕರ ಎರಡು ಕಿಲೋಮೀಟರ್ ಕಳ್ಕೊಳ್ಳೋಕಾಗುತ್ತಾ? ಲೈನ್ ತಿರುಗಿಸ್ಬಿಡಿ."

ಅವರು ಅಣ್ಣ ತಂಗಿಯೆಂದು ಭವ್ಯಳಿಗೆ ಗೊತ್ತಿತ್ತು. ಅಮ್ಮನ ವಿಷಯ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ಅಂಜಿನಮ್ಮ ಅದೇ ರ‍್ಯಾಂಪ್ ಸುತ್ತಿಕೊಂಡು ರಸ್ತೆಗಿಳಿದಾಗ ನೀರಿನ ಟ್ಯಾಂಕರ್ ಸವರಿ, ಸೊಂಟ ಮುರಿದಿತ್ತು. ವಯಸ್ಸಾದವರು ನೋಡಿಕೊಂಡು ನಡೆಯಬೇಕು ಎಂದು ಆಸ್ಪತ್ರೆಯ ವರಾಂಡದಲ್ಲಿ ನೆಂಟರ ಮುಂದೆ ಹೇಳಿದ್ದ ಕೆಂಪರಾಜ. ಅಂದಿನಿಂದ ಅಮ್ಮ ಬಾಣಸವಾಡಿಯಲ್ಲಿ, ಹಂಸಳ ಮನೆಯ ಮಂಚದ ಮೇಲೆ. ಬೆಳಿಗ್ಗೆ ಅಮ್ಮನ ಮೈ ಒರೆಸುವಾಗ, ಬೆನ್ನಿನ ಹುಣ್ಣಿಗೆ ಪುಡಿ ಹಾಕುವಾಗ, ಹಂಸ ಮನಸ್ಸಿನಲ್ಲೇ ಆ ರ‍್ಯಾಂಪ್ ಒಡೆಸುತ್ತಿದ್ದಳು. ಜೆಸಿಬಿ ಬರುತ್ತದೆ, ಅಣ್ಣ ಬರಿಗಾಲಲ್ಲಿ ಓಡಿ ಬರುತ್ತಾನೆ, ಯಾರೂ ಅವನ ಮಾತು ಕೇಳುವುದಿಲ್ಲ. ದಿನಕ್ಕೊಂದು ವಿವರ ಸೇರುತ್ತಿತ್ತು. ನಿಜದಲ್ಲಿ ಅವಳು ಕೊಟ್ಟ ಎರಡು ದೂರುಗಳ ಮೇಲೆ ಬಂದವರು ಶೋರೂಮಿನಲ್ಲಿ ಟೀ ಕುಡಿದು ಹೋಗಿದ್ದರು. ರಾಜ ಚೆನ್ನಾಗಿದ್ದಾನಾ ಎಂದು ಅಮ್ಮ ಇಂದಿಗೂ ಕೇಳುತ್ತಾಳೆ. ಹಂಸ ಹೂಂ ಎನ್ನುತ್ತಾಳೆ.

ಮಧ್ಯಾಹ್ನ ಕೆಂಪರಾಜ ಡಿಡಿ ಹಿಡಿದುಕೊಂಡು ಬಂದ. ಹಂಸ ಒಪ್ಪಿಗೆ ಪತ್ರವನ್ನು ಅವನ ಮುಂದಿಟ್ಟಳು. ರಸ್ತೆಯ ಉಳಿದ ಮಾಲೀಕರೆಲ್ಲ ಸಹಿ ಹಾಕಿದ ಅದೇ ಅಚ್ಚಿನ ಪತ್ರ: ಅರ್ಜಿಗೆ ಲಗತ್ತಿಸಿದ ನಕ್ಷೆಯಂತೆ ದಾರಿಗೆ ಒಪ್ಪಿಗೆಯಿದೆ, ಆ ದಾರಿಗೆ ಅಡ್ಡ ಬರುವುದನ್ನು ಸ್ವಂತ ಖರ್ಚಿನಲ್ಲಿ ತೆಗೆಸುತ್ತೇನೆ, ಕೊಟ್ಟ ಹಣ ವಾಪಸ್ ಕೇಳುವುದಿಲ್ಲ.

ನಕ್ಷೆ ನೋಡುತ್ತೀರಾ ಎಂದು ಭವ್ಯ ಕೇಳಿದಳು.

"ನಮ್ ಹಂಸ ಮಾಡಿರೋದನ್ನ ನಾನೇನ್ರೀ ನೋಡೋದು? ವರ್ಷಾ ವರ್ಷಾ ಗೌರಿ ಬಾಗಿನ ಇಸ್ಕೊಳ್ಳೋಳು, ಅಣ್ಣಂಗೆ ಕೆಟ್ಟದ್ದು ಮಾಡ್ತಾಳಾ?" ನಗುತ್ತಲೇ ಸಹಿ ಹಾಕಿದ.

ಹಂಸಳೂ ನಕ್ಕಳು. ಹತ್ತು ವರ್ಷದ ಹಿಂದಿನ ಗೌರಿ ಹಬ್ಬದ ದಿನ ಬಾಗಿನದ ಮೊರದ ಜೊತೆ ಅವನು ತಂದೆಯ ಜಾಗದಲ್ಲಿ ಅವಳ ಪಾಲಿನ ಹಕ್ಕು ಬಿಡುಗಡೆ ಪತ್ರವನ್ನೂ ತಂದಿದ್ದ. ಅರಿಶಿನದ ಕೈ ಒರೆಸಿಕೊಂಡು ಅವಳು ಓದದೆ ಸಹಿ ಹಾಕಿದ್ದಳು. ಕಾಂಪ್ಲೆಕ್ಸ್ ಎದ್ದದ್ದು ಆ ಜಾಗದಲ್ಲೇ.

ಹೊರಡುವಾಗಲೂ ಅವನು ಅಮ್ಮ ಹೇಗಿದ್ದಾಳೆಂದು ಕೇಳಲಿಲ್ಲ. ಮೀಟಿಂಗ್ ಇದೆಯೆಂದು ಭವ್ಯ ಅವನ ಹಿಂದೆಯೇ ಹೊರಟಳು.

ಐದು ಗಂಟೆಯೊಳಗೆ ಅರ್ಜಿ ಹೋಗಬೇಕು. ಹೋದ ಮೇಲೆ ನಕ್ಷೆ ಬದಲಿಸುವಂತಿಲ್ಲ. ಹಂಸಳ ಕಂಪ್ಯೂಟರಿನಲ್ಲಿ ಎರಡು ನಕ್ಷೆಗಳಿದ್ದವು. ಒಂದರಲ್ಲಿ ದಾರಿ ಕಾಂಪ್ಲೆಕ್ಸಿನ ಹತ್ತಿರ ಎದುರು ಬದಿಗೆ ಹಾರುತ್ತಿತ್ತು. ಇನ್ನೊಂದು ಅವಳು ಮೊದಲು ಬರೆದದ್ದು, ರ‍್ಯಾಂಪಿನ ಮೇಲೆಯೇ ನೇರವಾಗಿ ಹಾಯುವಂಥದ್ದು.

ನಡೆಯುವವರ ಒಳ್ಳೆಯದಕ್ಕೆ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಿಲ್ಲ. ಅವನಿಗೆ ನೋಯಬೇಕು, ಅವನ ದುಡ್ಡಿನಿಂದಲೇ ನೋಯಬೇಕು. ಈ ಕೆಲಸ ಹೋದರೂ ಹೋದೀತು. ಭವ್ಯ ಕ್ಷಮಿಸುವುದಿಲ್ಲ. ಮಗನಿಗೆ ಹೀಗಾಯಿತೆಂದು ಅಮ್ಮ ಅಳುತ್ತಾಳೆ, ಆ ಕಣ್ಣನ್ನು ಒರೆಸಬೇಕಾದವಳೂ ತಾನೇ. ಅದೊಂದನ್ನು ಯೋಚಿಸುತ್ತ ಹಂಸ ಬಹಳ ಹೊತ್ತು ಕೂತಳು.

ಆಮೇಲೆ ನೇರ ಗೆರೆಯ ನಕ್ಷೆಯನ್ನು ಲಗತ್ತಿಸಿ ಅರ್ಜಿ ಕಳಿಸಿದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಭವ್ಯ ಫೋನ್ ಮಾಡಿ ಅರ್ಜಿ ಹೋಯಿತೇ ಎಂದು ಕೇಳಿದಳು.

"ಹೋಯ್ತು ಮೇಡಂ," ಎಂದು ಹಂಸ ಫೋನಿಟ್ಟು, ಅಮ್ಮನ ಹುಣ್ಣಿನ ಪುಡಿ ತೀರಿದೆಯೆಂದು ನೆನಪಾಗಿ ಚೀಲ ಎತ್ತಿಕೊಂಡಳು.